ಅಳಿಸಿದ ಬಿರುಕು

ನಮ್ಮಣ್ಣ ಫೋಟೋಗ್ರಾಫರ್. ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ, ಅವನು ಯಾರನ್ನೂ ಇದ್ದ ಹಾಗೆ ಬಿಟ್ಟವನಲ್ಲ. ಬೋಳುತಲೆಯವರು ಬಂದರೆ ದೀಪವನ್ನು ತುಸು ಪಕ್ಕಕ್ಕೆ ಸರಿಸುತ್ತಾನೆ. ಮೆಳ್ಳಗಣ್ಣಿನವರು ಬಂದರೆ ಮುಖವನ್ನು ಒಂಚೂರು ತಿರುಗಿಸಿ ಕೂರಿಸುತ್ತಾನೆ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಒರೆಸಿ ಹಾಕುತ್ತಾನೆ. ಗಿರಾಕಿ ಕೇಳಬೇಕೆಂದೇನೂ ಇಲ್ಲ. ಸತ್ತವರ ಹಳೇ ಫೋಟೋ ದೊಡ್ಡದು ಮಾಡಿಸಲು ಬಂದರಂತೂ ಮುಗಿಯಿತು, ಜನ್ಮದಲ್ಲಿ ಕೋಟು ಮುಟ್ಟದವನಿಗೂ ಕೋಟು ತೊಡಿಸಿಯೇ ಕಳಿಸುತ್ತಾನೆ. ಮನೆಯವರು ಕಣ್ಣೊರೆಸಿಕೊಂಡು, ‘ನಮ್ಮಪ್ಪ ಇಷ್ಟು ಚೆನ್ನಾಗಿದ್ರಾ’ ಎಂದು ಕೇಳಿ ತೆಗೆದುಕೊಂಡು ಹೋಗುತ್ತಾರೆ. ಅವನಿಗೆ ಅದೇ ದೊಡ್ಡ ಬಹುಮಾನ.

ನಾನು ಅವನ ತಂಗಿ. ಗಂಡನ ಮನೆಯಿಂದ ವಾಪಸು ಬಂದವಳು. ಯಾಕೆ ಎಂದು ಕೇಳಬೇಡಿ, ಕೇಳಿದರೆ ಬೈಸಿಕೊಳ್ಳುತ್ತೀರಿ. ಸ್ಟುಡಿಯೋದ ಕೌಂಟರು ನನ್ನದು. ಫೋಟೋ ಕತ್ತರಿಸುವುದು, ಕವರಿಗೆ ಹಾಕುವುದು, ದುಡ್ಡು ಕೊಡದೆ ಜಾರಿಕೊಳ್ಳುವವರನ್ನು ರಸ್ತೆಯಲ್ಲೇ ಹಿಡಿದು ನಿಲ್ಲಿಸುವುದು, ಎಲ್ಲ ನನ್ನ ಖಾತೆ. ಜನರ ಕೈಗೆ ಫೋನು ಬಂದ ಮೇಲೆ ನಮ್ಮ ಬಾಗಿಲಿಗೆ ಬರುವವರು ಎರಡೇ ಬಗೆ: ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳು ಮತ್ತು ಸತ್ತವರ ಮನೆಯವರು. ಸಾಯುವವರಿಗೆ ಹೊತ್ತುಗೊತ್ತಿಲ್ಲ, ಅವರನ್ನು ನಂಬಿ ಬದುಕು ನಡೆಸಲಾಗುವುದಿಲ್ಲ. ವರ್ಷದ ಅನ್ನ ಹುಟ್ಟುವುದು ಕಾಲೇಜು ಸೇರುವ ಆ ಒಂದು ತಿಂಗಳಲ್ಲಿ.

ಸ್ಟುಡಿಯೋದ ಬೆನ್ನಿಗೇ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡು. ಬಾಗಿಲು ಹಿಂದಿನ ಓಣಿಗೆ ತೆರೆಯುತ್ತದೆ, ಬಾಗಿಲ ಮುಂದೆಯೇ ಚರಂಡಿ. ಬಾಗಿಲ ಪಕ್ಕದ ಗೋಡೆಯಲ್ಲಿ ತಗಡಿನಿಂದ ನೆಲದವರೆಗೆ ಒಂದು ಬಿರುಕು ಇಳಿದಿದೆ. ಒಳಗಿನಿಂದ ಹೊರಗಿನವರೆಗೆ ಬಾಯಿ ಬಿಟ್ಟಿದೆ. ಒಳಗಡೆ ನಮ್ಮ ಅತ್ತಿಗೆ ಅದರಲ್ಲಿ ಬಾಚಣಿಗೆ ಸಿಕ್ಕಿಸಿಡುತ್ತಾರೆ. ಅತ್ತಿಗೆಗೆ ಬಟ್ಟೆ ಅಂಗಡಿಯಲ್ಲಿ ಮಡಚುವ ಕೆಲಸ. ಗಿರಾಕಿಗಳು ಬಿಚ್ಚಿ ಎಸೆದದ್ದನ್ನು ಬೆಳಗಿನಿಂದ ಸಂಜೆವರೆಗೆ ನಿಂತೇ ಮಡಚಬೇಕು. ಮನೆಗೆ ಬಂದವರೇ ಕಾಲನ್ನು ಬಕೆಟಿನಲ್ಲಿಟ್ಟು ಕೂರುತ್ತಾರೆ.

ಇವರಿಬ್ಬರ ಒಬ್ಬಳೇ ಮಗಳನ್ನು ನಾವು ಕರೆಯುವುದು ಮಿಟುಕಿ ಎಂದು. ಫೋಟೋಗ್ರಾಫರನ ಹೊಟ್ಟೆಯಲ್ಲಿ ಹುಟ್ಟಿಯೂ ಫ್ಲ್ಯಾಶ್ ಬಿದ್ದರೆ ಕಣ್ಣು ಮುಚ್ಚುತ್ತಾಳೆ, ಅದಕ್ಕೆ ಆ ಹೆಸರು. ಹುಡುಗಿಗೆ ಚಿಕ್ಕಂದಿನಿಂದ ಪ್ರಾಣಿಗಳ ಹುಚ್ಚು. ಬೀದಿನಾಯಿ ಕುಂಟಿದರೆ ಸಾಕು, ಅದರ ಹಿಂದೆ ಹೊರಟಳು. ಒಮ್ಮೆ ಬೆಕ್ಕಿನ ಹರಿದ ಕಿವಿಯನ್ನು ಅತ್ತಿಗೆಯ ಹೊಲಿಗೆ ಸೂಜಿಯಲ್ಲೇ ಹೊಲಿದಿದ್ದಳು. ಬೆಕ್ಕು ಬದುಕಿತು, ಅತ್ತಿಗೆ ಆ ಸೂಜಿಯನ್ನು ಮತ್ತೆ ಮುಟ್ಟಲಿಲ್ಲ. ಅಂಥವಳಿಗೆ ಈ ವರ್ಷ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಯಾರ ಕೈಕಾಲೂ ಹಿಡಿಯದೆ ಸ್ವಂತ ಅಂಕಗಳಿಂದ ಸಿಕ್ಕಿದ್ದು. ಅಣ್ಣ ಅವತ್ತು ಬಂದ ಗಿರಾಕಿಗಳಿಗೆಲ್ಲ ಒಂದೊಂದು ಕಾಪಿ ಹೆಚ್ಚಿಗೆ ಕೊಟ್ಟ. ನಾನು ಗೊಣಗಿದೆನಾದರೂ ಒಳಗೊಳಗೇ ಹಿಗ್ಗಿ ಹೋಗಿದ್ದೆ.

ಹಿಗ್ಗು ಇಳಿದದ್ದು ಫೀಸು ಎಷ್ಟೆಂದು ಗೊತ್ತಾದಾಗ. ಬ್ಯಾಂಕಿನವರು ಜಾಮೀನು ಕೇಳಿದರು. ನಮಗೆ ಜಾಮೀನು ನಿಲ್ಲುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ನನ್ನ ಬಳೆಗಳು ಹಿಂದೆಯೇ ಹೊಸ ಕ್ಯಾಮೆರಾದ ಹೊಟ್ಟೆ ಸೇರಿದ್ದವು. ಉಳಿದದ್ದು ಒಂದೇ ದಾರಿ. ಆ ಕಾಲೇಜಿನಲ್ಲೇ ಬಡ ಮಕ್ಕಳ ಫೀಸಿಗೆಂದು ನೆರವು ನಿಧಿಯೊಂದಿದೆ, ಅದಕ್ಕೆ ಅರ್ಜಿ ಹಾಕಬೇಕು. ಅದು ಸಿಕ್ಕರೆ ಓದು, ಇಲ್ಲವಾದರೆ ಇಲ್ಲ. ಇಷ್ಟು ಮಾತು ನಮ್ಮ ನಾಲ್ಕೂ ಜನಕ್ಕೆ ಸ್ಪಷ್ಟವಿತ್ತು.

ಮಿಟುಕಿ ಅರ್ಜಿ ತುಂಬಿದಳು. ಆದಾಯದ ಪತ್ರ, ಬಾಡಿಗೆ ಚೀಟಿ, ಅವರು ಕೇಳಿದ್ದೆಲ್ಲ ಇಟ್ಟಳು. ಕೊನೆಯಲ್ಲಿ ಒಂದು ಸಾಲು ಇತ್ತು: ಇಡೀ ಕುಟುಂಬ ಮನೆಯ ಮುಂದೆ ನಿಂತಿರುವ ಒಂದು ಫೋಟೋ.

“ಫೋಟೋ ತಾನೇ?” ಎಂದ ಅಣ್ಣ. ಎಷ್ಟೋ ದಿನದಿಂದ ಬಾಗಿದ್ದ ಅವನ ಬೆನ್ನು ಆ ಮಾತಿಗೆ ನೆಟ್ಟಗಾಯಿತು. “ಅದೊಂದನ್ನ ನಂಗೆ ಬಿಟ್ಟುಬಿಡಿ.”

ಬಿಟ್ಟೆವು. ಇನ್ನೇನು ಮಾಡುವುದು, ಮನೆಯಲ್ಲಿ ಅವನ ಕೈಲಾಗುವ ಕೆಲಸ ಅದೊಂದೇ ಇತ್ತು.

ಇಡೀ ದಿನ ಅದಕ್ಕೇ ಹೋಯಿತು. ಬೆಳಗ್ಗೆ ಚರಂಡಿಯ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಸ್ಟುಡಿಯೋದ ಜಮಖಾನ ಹಾಸಿದ. ಕೆತ್ತನೆಯ ಕುರ್ಚಿಯನ್ನು ಹೊರಗೆ ಎಳೆದು ತಂದು ಅತ್ತಿಗೆಯನ್ನು ಕೂರಿಸಿದ. ಅತ್ತಿಗೆ ರಜೆ ಹಾಕಿ ಬಂದಿದ್ದರು, ಅವರಿಗೆ ಕೂರುವುದು ಸಿಕ್ಕಿದ್ದೇ ಸುಖ. ತಾನು ಗಿರಾಕಿಗಳಿಗೆಂದು ಇಟ್ಟ ಕೋಟು ಹಾಕಿಕೊಂಡ. ಆ ಕೋಟು ಬೆನ್ನಲ್ಲಿ ಹರಿದಿದೆ, ಕ್ಲಿಪ್ಪು ಹಾಕಿ ಬಿಗಿದಿರುತ್ತೇವೆ, ಮುಂದಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಎಲ್ಲ ಸಿದ್ಧವಾದ ಮೇಲೆ ಬಿಸಿಲು ಸರಿಯಿಲ್ಲ ಎಂದ. ಸಂಜೆಯ ಹೊಂಬಿಸಿಲು ಓಣಿಗೆ ಇಳಿಯುವವರೆಗೆ ನಮ್ಮನ್ನೆಲ್ಲ ಕಾಯಿಸಿದ.

“ಇದೇನಣ್ಣ, ನೆರವು ಕೇಳೋಕೋ, ಮನೆ ಮಾರೋಕೆ ಜಾಹೀರಾತೋ?” ಎಂದೆ.

“ನೀನು ಸುಮ್ನಿರು. ದೊಡ್ಡ ದೊಡ್ಡವರು ನೋಡೋ ಫೋಟೋ. ಭಿಕ್ಷೆಗೆ ಬಂದವರ ಥರ ನಿಂತ್ರೆ ಯಾರು ಮರ್ಯಾದೆ ಕೊಡ್ತಾರೆ?”

“ನಾವು ಕೇಳ್ತಿರೋದು ಮರ್ಯಾದೆ ಅಲ್ಲ, ಫೀಸು.”

ನನ್ನ ಮಾತು ಯಾರಿಗೆ ಬೇಕು? ಕ್ಯಾಮೆರಾಕ್ಕೆ ಟೈಮರ್ ಹಾಕಿ ಓಡಿ ಬಂದು ನಿಂತ. ಮಿಟುಕಿ ಕಣ್ಣು ಮುಚ್ಚಿದಳು. ಮತ್ತೆ ತೆಗೆದ. ಮತ್ತೆ ಮುಚ್ಚಿದಳು. ಕತ್ತಲಾಗುವ ಹೊತ್ತಿಗೆ ಅಂತೂ ಒಂದು ಸರಿಯಾಗಿ ಬಂತು.

ಮರುದಿನ ಪ್ರಿಂಟು ನನ್ನ ಕೈಗೆ ಬಂದಾಗ ನಾನೇ ಒಂದು ಗಳಿಗೆ ದಂಗಾದೆ. ಅತ್ತಿಗೆ ಯಾವುದೋ ಬಂಗಲೆಯ ಯಜಮಾನಿ. ಅಣ್ಣ ರಿಟೈರಾದ ಜಡ್ಜು. ಹಿಂದಿನ ಗೋಡೆ ಬೆಣ್ಣೆ ಸವರಿದಷ್ಟು ನುಣುಪು.

“ಬಿರುಕೆಲ್ಲಿ ಹೋಯ್ತು?” ಎಂದು ಕೇಳಿದೆ.

ಅಣ್ಣ ಪರದೆಯಿಂದ ತಲೆ ಎತ್ತಿ ಒಂದು ಕ್ಷಣ ಯೋಚಿಸಿದ. ನಿಜ ಹೇಳುತ್ತೇನೆ, ಅವನಿಗೆ ತಾನು ಅದನ್ನು ಅಳಿಸಿದ್ದು ನೆನಪೇ ಇರಲಿಲ್ಲ. ಮೊಡವೆ ಒರೆಸುವ ಕೈ ಅದನ್ನೂ ಒರೆಸಿತ್ತು. “ಓ, ಅದಾ? ಕಣ್ಣಿಗೆ ಹೊಡೀತಿತ್ತು” ಎಂದು ಮತ್ತೆ ಕೆಲಸಕ್ಕೆ ಬಾಗಿದ. ಅರ್ಜಿ ಕೊಡಲು ಅದೇ ಕಡೆಯ ದಿನ. ಮಿಟುಕಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಫೋಟೋದ ಹಿಂದೆ ಯಾವತ್ತಿನಂತೆ ಸ್ಟುಡಿಯೋದ ಮೊಹರು ಹೊಡೆದು ಕೊಟ್ಟುಬಿಟ್ಟೆ.

ಉತ್ತರ ಫೋನಿಗೆ ಬಂತು. ನಿಮ್ಮ ಕುಟುಂಬದ ಜೀವನಮಟ್ಟ ನೆರವಿಗೆ ಅರ್ಹವಾಗಿ ಕಂಡುಬಂದಿಲ್ಲ, ಆಕ್ಷೇಪವಿದ್ದಲ್ಲಿ ಮನೆಯ ಸದ್ಯದ ಸ್ಥಿತಿ ತೋರಿಸುವ ಹೊಸ ಫೋಟೋದೊಂದಿಗೆ ಬಂದು ಕಾಣಿರಿ ಎಂದಿತ್ತು.

ಆ ಸಂಜೆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ನನಗೇ ಬೈಯಲು ಬಾಯಿ ಬರಲಿಲ್ಲ ಎಂದರೆ ನೀವೇ ತಿಳಿದುಕೊಳ್ಳಿ. ಅಣ್ಣ ಗೋಡೆಗೆ ಒರಗಿ ಕೂತು ಬಿರುಕನ್ನೇ ನೋಡುತ್ತಿದ್ದ. ಅತ್ತಿಗೆ ಬಕೆಟಿನಿಂದ ಕಾಲು ತೆಗೆಯುವುದನ್ನೇ ಮರೆತಿದ್ದರು.

ಮಿಟುಕಿಯೇ ಮೊದಲು ಮಾತಾಡಿದಳು. “ಹೊಸ ಫೋಟೋ ಕೊಟ್ರಾಯ್ತಪ್ಪ. ನಾನು ಫೋನಲ್ಲೇ ಒಂದು ತೆಗೆದುಬಿಡ್ಲಾ? ಹೀಗೇ, ಇದ್ದ ಹಾಗೆ?”

ಅಣ್ಣನ ಮುಖ ಸಣ್ಣದಾಯಿತು. ಅವನ ಅನ್ನ ಕಿತ್ತುಕೊಂಡ ವಸ್ತು ಯಾವುದಾದರೂ ಈ ಭೂಮಿಯ ಮೇಲಿದ್ದರೆ ಅದು ಆ ಫೋನು. ಈಗ ಮಗಳ ಓದಿಗೂ ಅದೇ ಬೇಕು ಎಂದರೆ ಅವನು ಯಾರಿಗೆ ಮುಖ ತೋರಿಸುವುದು?

ಹುಡುಗಿ ಅಪ್ಪನ ಮುಖ ನೋಡಿದಳು. “ಬೇಡ ಬಿಡು, ನೀನೇ ತೆಗಿ. ಫೋನಲ್ಲಿ ತೆಗೆದ್ರೆ ಸರಿಯಾಗಿ ಕಾಣೋದಿಲ್ಲ” ಎಂದಳು. ಒಳ್ಳೆಯ ಮಕ್ಕಳಿದ್ದರೆ ಹೀಗೆಯೇ. ಅಪ್ಪನಿಗೆ ನೋವಾಗದಿರಲಿ ಎಂದು ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಾರೆ.

ಅತ್ತಿಗೆಯ ವಾರದ ರಜೆಯ ದಿನ ಎರಡನೆಯ ಫೋಟೋ ತೆಗೆಯುವಾಗ ಅಣ್ಣ ಕೋಟು ಹಾಕಲಿಲ್ಲ, ಕುರ್ಚಿ ತರಲಿಲ್ಲ, ಹಲಗೆ ತೆಗೆದು ಚರಂಡಿಯನ್ನು ಬಾಯಿ ತೆರೆದೇ ಬಿಟ್ಟ. ಆದರೆ ಅವನ ಕೈ ಸುಮ್ಮನಿರುವ ಕೈಯಲ್ಲ. ಇದ್ದುದನ್ನು ಇದ್ದಂತೆ ತೋರಿಸಬೇಕೆಂದರೂ ಅದನ್ನು ಚೆನ್ನಾಗಿ ತೋರಿಸಬೇಕಲ್ಲ! ನಡುಮಧ್ಯಾಹ್ನದ ಉರಿಬಿಸಿಲಿಗೆ ಕಾದ. ಮೇಲಿನಿಂದ ಬಿದ್ದ ಬೆಳಕಿಗೆ ಎಲ್ಲರ ಕಣ್ಣು ಗುಳಿ ಬಿದ್ದವು. ಅತ್ತಿಗೆಯನ್ನು ಹೊಸ್ತಿಲ ಮೇಲೆ ಕೂರಿಸಿ, ಮಿಟುಕಿಯನ್ನು ಬಾಗಿಲ ನೆರಳಿನಲ್ಲಿ ಅರ್ಧ ಮುಖ ಕಾಣುವಂತೆ ನಿಲ್ಲಿಸಿ, ನನಗೆ ಕೈ ಕಟ್ಟಿಕೊಂಡು ಚರಂಡಿ ನೋಡು ಎಂದ. ಗೋಡೆಯ ಬಿರುಕು ನಮ್ಮೆಲ್ಲರ ನಡುವೆ ಇಳಿಯುವಂತೆ ಕ್ಯಾಮೆರಾ ಹೂಡಿದ.

ಪ್ರಿಂಟು ನೋಡಿದರೆ ಎದೆ ಧಸಕ್ಕೆಂದಿತು. ನಮ್ಮ ಅತ್ತಿಗೆ ಮೈಕೈ ತುಂಬಿಕೊಂಡವರು, ತೂಕಕ್ಕೆ ಹಾಕಿದರೆ ನಾನೂ ಅಣ್ಣನೂ ಸೇರಿದರೂ ಅವರಿಗೆ ಸಮ ಬರುವುದಿಲ್ಲ. ಅಂಥವರು ಅನ್ನ ಕಂಡು ವಾರವಾದವರ ಹಾಗೆ ಕಾಣುತ್ತಿದ್ದರು. ಬಿರುಕು ಗೋಡೆಯನ್ನು ಸೀಳಿ ಇನ್ನೇನು ಮನೆ ಬಿತ್ತು ಎನ್ನುವಂತಿತ್ತು. ಯಾವುದಾದರೂ ಸ್ಪರ್ಧೆಗೆ ಕಳಿಸಿದ್ದರೆ ಮೊದಲ ಬಹುಮಾನ ಗ್ಯಾರಂಟಿ.

“ಸ್ವಲ್ಪ ಜಾಸ್ತಿ ಆಯ್ತೇನೋ” ಎಂದೆ.

“ಒಂದು ಚುಕ್ಕೇನೂ ತಿದ್ದಿಲ್ಲ” ಎಂದ ಅಣ್ಣ. ಅದು ನಿಜವೇ ಆಗಿತ್ತು.

ಕಾಲೇಜಿಗೆ ನಾವು ಮೂವರು ಹೋದೆವು. ಅತ್ತಿಗೆಗೆ ಇನ್ನೊಂದು ರಜೆ ಸಿಗಲಿಲ್ಲ. ನೆರವು ವಿಭಾಗದ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಫೈಲುಗಳ ಗುಡ್ಡ, ಹಿಂದೆ ಕನ್ನಡಕದ ಒಬ್ಬ ಮೇಡಂ. ಕೆಟ್ಟವರೇನಲ್ಲ. ಬಂದವರಿಗೆಲ್ಲ ಕೂರಿ ಎನ್ನುತ್ತಿದ್ದರು, ಕುರ್ಚಿ ಸಾಲದಿದ್ದಾಗ ಪಕ್ಕದ ಕೋಣೆಯಿಂದ ತಾವೇ ಎಳೆದು ತಂದರು. ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿತ್ತು. ತಿದ್ದಿದ ದಾಖಲೆ ಕೊಟ್ಟ ಅಂಗಡಿಗಳ, ಸ್ಟುಡಿಯೋಗಳ ಹೆಸರು. ಇವರಿಂದ ಬಂದ ಯಾವ ಫೋಟೋವನ್ನೂ ಊರಿನ ಯಾವ ಕಾಲೇಜೂ ಸ್ವೀಕರಿಸುವುದಿಲ್ಲ ಎಂದು ಕೆಳಗೆ ಬರೆದಿತ್ತು. ಓದಿದವಳು ನಾನು. ಅಣ್ಣ ಕಿಟಕಿಯಿಂದ ಬರುವ ಬೆಳಕನ್ನು ನೋಡುತ್ತಿದ್ದ, ಅವನು ಎಲ್ಲಿ ಹೋದರೂ ಮೊದಲು ನೋಡುವುದು ಅದನ್ನೇ.

ಮೇಡಂ ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.

“ಇವೆರಡೂ ಒಂದೇ ಮನೇನಾ?”

“ಹೌದು ಮೇಡಂ” ಎಂದಳು ಮಿಟುಕಿ.

“ಯಾರು ತೆಗೆದಿದ್ದು?”

“ನಮ್ಮಪ್ಪ.”

ಮೇಡಂ ಹಿಂದೆ ತಿರುಗಿಸಿ ಮೊಹರು ಓದಿದರು. “ನೋಡಿ, ಈ ಬಿರುಕು ಹಳೇದು. ಒಳಗೆ ಪಾಚಿ ಕಟ್ಟಿದೆ. ಇಂಥದ್ದು ಹತ್ತಿಪ್ಪತ್ತು ದಿನದಲ್ಲಿ ಹುಟ್ಟೋದಿಲ್ಲ. ಹಾಗಾದ್ರೆ ಆವಾಗ ಇದ್ದಿದ್ದನ್ನ ಅಳಿಸಿದ್ರಾ, ಇಲ್ಲಾ ಈಗ ಇಲ್ಲದ್ದನ್ನ ಬರೆದ್ರಾ? ಎರಡರಲ್ಲಿ ಒಂದಂತೂ ಸುಳ್ಳು.”

ನನಗೆ ತಡೆಯಲಾಗಲಿಲ್ಲ. “ಮನೆಗೇ ಬಂದು ನೋಡಿ ಮೇಡಂ. ಬಿರುಕಲ್ಲಿ ಬೇಕಾದ್ರೆ ಕೈ ಹಾಕಿ ನೋಡಿ.”

“ಮನೆ ಮನೆಗೆ ಹೋಗೋಕೆ ನಮ್ಮಲ್ಲಿ ಜನ ಇಲ್ಲಮ್ಮ, ಅದಕ್ಕೇ ಫೋಟೋ ಕೇಳೋದು. ನೆರವು ಪಡೆಯೋರ ಪಟ್ಟಿ ಇವತ್ತು ಸಂಜೆ ಹೋಗಿಬಿಡುತ್ತೆ.”

“ಹಾಗಾದ್ರೆ ಈಗಲೇ ಹೋಗಿ ಫೋನಲ್ಲಿ ತೆಗೆದು ತರ್ತೀವಿ.”

“ಮೂರನೇ ಫೋಟೋ ತಂದ್ರೆ ನಂಗೆ ಮೂರನೇ ಮನೆ ಕಾಣುತ್ತೆ, ಅಷ್ಟೇ” ಎಂದರು ಮೇಡಂ. ವ್ಯಂಗ್ಯಕ್ಕೆ ಹೇಳಿದ್ದಲ್ಲ, ಸುಸ್ತಾಗಿ ಹೇಳಿದ್ದು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು.

ಆಮೇಲೆ ಅವರು ನಿಯಮ ವಿವರಿಸಿದರು. ಎರಡನೆಯದು ನಿಜ ಎಂದು ಬರೆದುಕೊಟ್ಟರೆ ಮೊದಲನೆಯದು ತಿದ್ದಿದ ದಾಖಲೆಯಾಗುತ್ತದೆ. ಅರ್ಜಿ ರದ್ದು, ಸ್ಟುಡಿಯೋದ ಹೆಸರು ಗೋಡೆಯ ಪಟ್ಟಿಗೆ. ಮೊದಲನೆಯದು ನಿಜ ಎಂದು ಬರೆದುಕೊಟ್ಟರೆ ಆಕ್ಷೇಪ ವಾಪಸು ಪಡೆದಂತೆ, ಎರಡನೆಯ ಫೋಟೋ ಫೈಲು ಸೇರುವುದೇ ಇಲ್ಲ, ಯಾರ ಮೇಲೂ ಏನೂ ಇಲ್ಲ.

ಮಿಟುಕಿ ನಿಧಾನವಾಗಿ ಕೇಳಿದಳು, “ಎರಡನೇದು ನಿಜ ಅಂತ ಬರೆದ್ರೆ ನಂಗೆ ನೆರವು ಸಿಗೋ ಚಾನ್ಸು ಸ್ವಲ್ಪಾನೂ ಇಲ್ವಾ ಮೇಡಂ?”

“ಇಲ್ಲಮ್ಮ. ಸುಳ್ಳು ಹೇಳಿ ನಿನ್ನ ಆಸೆ ಬೆಳೆಸೋದಿಲ್ಲ.”

“ಮೊದಲನೇದು ಅಂತ ಬರೆದ್ರೆ?”

“ಆವಾಗ ನಿಮಗೆ ನೆರವು ಬೇಕಾಗಿಲ್ಲ ಅಂತಲೇ ಆಯ್ತಲ್ಲ.”

ಅಣ್ಣ ಕಿಟಕಿಯಿಂದ ಕಣ್ಣು ತೆಗೆದು ಮೇಡಂ ಕಡೆ ತಿರುಗಿದ.

“ಮೇಡಂ, ಆ ಬಿರುಕು ಇದ್ದಿದ್ದು ನಿಜ. ನಾನೇ ಅದನ್ನ...”

ಮಿಟುಕಿ ಅಪ್ಪನ ಕೈ ಗಟ್ಟಿಯಾಗಿ ಹಿಡಿದಳು. “ಮೊದಲನೇದೇ ನಿಜ ಮೇಡಂ” ಎಂದಳು. “ನೆರವು ಸಿಗಲಿ ಅಂತ ಎರಡನೇದನ್ನ ಹಾಗೆ ತೆಗೆಸಿದ್ವಿ. ಅಪ್ಪ ಬೇಡ ಅಂದ್ರು, ನಾನೇ ಹಟ ಮಾಡಿದೆ. ಎಲ್ಲಿ ಬರೆದುಕೊಡ್ಲಿ?”

ಮೇಡಂ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬಿಳಿ ಹಾಳೆ ಮುಂದೆ ಸರಿಸಿ ಏನು ಬರೆಯಬೇಕೆಂದು ಹೇಳುತ್ತಾ ಹೋದರು. ಮಿಟುಕಿ ಬರೆಯುತ್ತಾ ಹೋದಳು. ನಮ್ಮ ಕುಟುಂಬವು ಆರ್ಥಿಕವಾಗಿ ಅನುಕೂಲವಾಗಿದ್ದು, ನನ್ನ ವಿದ್ಯಾಭ್ಯಾಸಕ್ಕೆ ನೆರವಿನ ಅಗತ್ಯ ಇರುವುದಿಲ್ಲ. ದುಂಡಗಿನ ಅಕ್ಷರ ಅವಳದು. ಒಂದು ಕಾಟು ಗೀಟು ಇಲ್ಲದೆ ಬರೆದು ಸಹಿ ಹಾಕಿದಳು.

“ಒಳ್ಳೇದು ಮಾಡಿದೆ” ಎಂದರು ಮೇಡಂ ಫೈಲು ಮುಚ್ಚುತ್ತಾ. “ನಿನ್ನ ಪಾಲಿಂದು ಯಾರೋ ಇಲ್ಲದವರ ಮಗುಗೆ ಹೋಗುತ್ತೆ.”

ನನಗೆ ಆ ಮೇಜನ್ನು ಎತ್ತಿ ಕಿಟಕಿಯಿಂದಾಚೆ ಎಸೆಯಬೇಕು ಎನ್ನಿಸಿತು. ಇಲ್ಲದವರ ಮಗು ಎದುರಿಗೇ ಕೂತಿತ್ತಲ್ಲ, ಕಣ್ಣಿಗೆ ಕನ್ನಡಕ ಬೇರೆ ಹಾಕಿದ್ದೀರಲ್ಲ ತಾಯಿ ಎಂದು ಬಾಯಿಯವರೆಗೆ ಬಂತು. ಆಡಿದ್ದರೆ ಹುಡುಗಿ ಮಾಡಿದ್ದೆಲ್ಲ ನೀರುಪಾಲಾಗುತ್ತಿತ್ತು. ಜೀವನದಲ್ಲಿ ನಾನು ನುಂಗಿದ ಮಾತುಗಳು ಕಡಿಮೆ, ಇದೊಂದು ಗಂಟಲಲ್ಲಿ ಇನ್ನೂ ಇಳಿದಿಲ್ಲ.

ಫೀಸು ಕಟ್ಟುವ ಕಡೆಯ ದಿನ ಮರುದಿನವೇ ಇತ್ತು. ಕಟ್ಟದಿದ್ದರೆ ಸೀಟು ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ. ಹೊರಗೆ ಬರುವಾಗ ಅಂಗಳದಲ್ಲಿ ಆ ಕಾಲೇಜಿನ ಮಕ್ಕಳು ಒಂದು ಹಸುವನ್ನು ನಿಲ್ಲಿಸಿಕೊಂಡು ಅದರ ಹೊಟ್ಟೆಗೆ ಕಿವಿ ಆನಿಸಿ ಏನೋ ಕೇಳುತ್ತಿದ್ದರು. ಮಿಟುಕಿಯ ನಡಿಗೆ ನಿಧಾನವಾಯಿತು. ನಿಲ್ಲುತ್ತಾಳೇನೋ ಎಂದುಕೊಂಡೆ. ನಿಲ್ಲಲಿಲ್ಲ.

ಬಸ್ ಸ್ಟಾಪಿನಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು. ಅಣ್ಣ ನೆಲ ನೋಡುತ್ತಲೇ ಕೇಳಿದ.

“ನಾನು ಹೇಳಿಬಿಡ್ತಿದ್ದೆ. ಯಾಕೆ ತಡೆದೆ?”

“ಹೇಳಿದ್ರೆ ಅಂಗಡಿ ಹೋಗ್ತಿತ್ತಪ್ಪ.”

“ಹೋಗ್ಲಿ ಬಿಡು, ಹಾಳು ಅಂಗಡಿ. ಅದಕ್ಕೋಸ್ಕರ ನೀನು ಅಂಥದ್ದು ಬರೆಯೋದಾ? ನಿನ್ನ ಕೈಯಾರೆ?”

“ಕಾಲೇಜು ಹೇಗೂ ಹೋಯ್ತಲ್ಲ” ಎಂದಳು ಹುಡುಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. “ಇನ್ನು ಮೇಲೆ ನಾನು ಕೂರೋದು ಅಲ್ಲೇ ತಾನೇ? ಅದಾದ್ರೂ ಇರ್ಲಿ ಅಂತ.”

ಅಣ್ಣ ಎದ್ದು ಸ್ವಲ್ಪ ದೂರ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಅವನ ಭುಜ ಕುಲುಕುತ್ತಿತ್ತು.

ಮಿಟುಕಿ ನನ್ನ ಕಡೆ ತಿರುಗಿದಳು.

“ಅತ್ತೆ, ಕೌಂಟರ್ ಹಿಂದೆ ಇನ್ನೊಂದು ಸ್ಟೂಲ್ ಹಿಡಿಯುತ್ತಾ?”

“ಹಿಡಿಯುತ್ತೆ” ಎಂದೆ.